ನಡುದಾರೀಲಿ ಕೆಟ್ಟು ನಿಂತ್ರೆ ಏನ್ಮಾಡ್ತೀಯ?

ಊರಿಗೆ ಫೋನ್ ಮಾಡ್ದಾಗೆಲ್ಲ ಅಕ್ಕ ಕೇಳೋದು ಇದೇ, "ಅಲ್ವೋ, ಅಷ್ಟು ಹಳೇ ಗಾಡಿ ಹಾಕ್ಕೊಂಡು ಆ ಮರಳುಗಾಡಲ್ಲಿ ಓಡಾಡ್ತೀಯಲ್ಲ, ನಡುದಾರೀಲಿ ಕೆಟ್ಟು ನಿಂತ್ರೆ ಏನೋ ಮಾಡ್ತೀಯ?" ಫ್ರೆಂಡ್ಸೂ ಇದನ್ನೇ ಕೇಳ್ತಾರೆ, ಅದಕ್ಕೆ ಒಂದ್ಸಲ ಬರೆದೇ ಬಿಡೋಣ ಅಂತ.

ನನ್ನ ಹತ್ರ ಇರೋದು 1997ರ ಡೀಸೆಲ್ ಹೈಲಕ್ಸ್, ಟೊಯೋಟಾ ಪಿಕಪ್ ಗಾಡಿ. ನಾನು ಹೋಗೋದು ಆಫ್ರಿಕಾದ ನಮೀಬಿಯಾ ದೇಶದ ಸ್ಕೆಲಿಟನ್ ಕೋಸ್ಟ್ ಅನ್ನೋ ಕರಾವಳಿಗೆ, ಸ್ವಾಕೋಪ್‌ಮುಂಡ್ ಬಿಟ್ಟು ಉತ್ತರಕ್ಕೆ ಹೆಂಟೀಸ್ ಬೇ, ಸೀಲ್‌ಗಳು ಸಾವಿರಗಟ್ಟಲೆ ಬಿದ್ಕೊಂಡಿರೋ ಕೇಪ್ ಕ್ರಾಸ್, ಆಮೇಲೆ ಉಗಾಬ್ ನದಿ ಹತ್ರ ತಲೆಬುರುಡೆ ಚಿತ್ರ ಇರೋ ಗೇಟು, ಅಲ್ಲಿಂದ ಟೆರೇಸ್ ಬೇ. ಒಂದ್ಕಡೆ ಅಟ್ಲಾಂಟಿಕ್, ಇನ್ನೊಂದ್ಕಡೆ ನಮೀಬ್ ಮರುಭೂಮಿ, ಮಧ್ಯೆ ನೀವೊಬ್ರೇ.

ನನ್ನ ಉತ್ತರ ಇಷ್ಟೇ: ಗಾಡಿ ಹಳೇದಾಗಿದ್ರೆ ಭಯ ಇಲ್ಲ, ಗಾಡಿ ಗೊತ್ತಿಲ್ದೆ ಇದ್ರೆ ಭಯ. ಈ ಇಂಜಿನ್‌ನಲ್ಲಿ ಕಂಪ್ಯೂಟರ್ ಇಲ್ಲ, ಡೀಸೆಲ್ ಪಂಪು ಪೂರ್ತಿ ಮೆಕ್ಯಾನಿಕಲ್, ಅದರ ಸದ್ದು ಒಂಚೂರು ಬದಲಾದ್ರೂ ನನ್ ಕಿವಿಗೆ ಗೊತ್ತಾಗತ್ತೆ.

ಒಂದ್ಸಲ ಟೆರೇಸ್ ಬೇ ದಾರೀಲಿರೋ ಟೊರಾ ಬೇ ದಾಟಿ ಹೋಗ್ತಿದ್ದೆ, ಸಿಹಿ ಸಿಹಿ ವಾಸನೆ ಬಂತು, ಇಂಜಿನ್ ತಣ್ಣಗಿಡೋ ಕೂಲೆಂಟು ಸೋರ್ತಿದೆ ಅಂತ ತಕ್ಷಣ ಗೊತ್ತಾಯ್ತು, ಟೆಂಪರೇಚರ್ ಮುಳ್ಳು ಇನ್ನೂ ಮಧ್ಯದಲ್ಲೇ ಇತ್ತು, ಆದ್ರೂ ಆಫ್ ಮಾಡಿ ನಿಲ್ಲಿಸ್ದೆ. ಬಾನೆಟ್ ಎತ್ತಿ ನೋಡಿದ್ರೆ ರೇಡಿಯೇಟರ್ ಮೇಲಿನ ಹೋಸ್ ಪೈಪು ಕ್ಲಿಪ್ ಹತ್ರಾನೇ ಬೆರಳುಗುರಿನಷ್ಟು ಸೀಳಿದೆ. ಬಿಸಿ ಇರೋವಾಗ ಮುಚ್ಚಳ ಮುಟ್ಲೇಬಾರ್ದು, ಮುಕ್ಕಾಲು ಗಂಟೆ ಕಾದೆ. ಆಮೇಲೆ ಸೀಳಿದ ತುದಿಯಷ್ಟನ್ನ ಚಾಕುವಿನಲ್ಲಿ ಕೊಯ್ದು, ಉಳಿದಿದ್ದನ್ನ ಎಳ್ದು ಮತ್ತೆ ಸಿಕ್ಕಿಸಿ, ಸ್ಕ್ರೂ ಡ್ರೈವರ್‌ನಲ್ಲಿ ಕ್ಲಿಪ್ ಬಿಗಿ ಮಾಡಿ, ಕ್ಯಾನಿನಿಂದ ನೀರು ಹುಯ್ದೆ. ಅಷ್ಟೊತ್ತೂ ಒಂದೇ ಒಂದು ಗಾಡಿ ಬರ್ಲಿಲ್ಲ. ಕುಡಿಯೋ ನೀರು ಬೇರೆ, ಗಾಡಿ ನೀರು ಬೇರೆ ಇಡೋದು ಇದಕ್ಕೇ ನೋಡಿ.

ಅಲ್ಲಿ ಜನ ಸಾಯೋದು ಇಂಜಿನ್ ಕೆಟ್ಟು ಅಲ್ಲ, ಸ್ಪೀಡಿಂದ. ಜಲ್ಲಿ ರಸ್ತೆ ಖಾಲಿ ಇದೆ ಅಂತ 120ರಲ್ಲಿ ಹೋಗ್ತಾರೆ, ಟೈರ್ ಒಡೆದ್ರೆ ಅಥವಾ ಸ್ಟೇರಿಂಗ್ ಎಳೆದ್ರೆ ಗಾಡಿ ಪಲ್ಟಿ. ನಾನು 70 ದಾಟಲ್ಲ, ಟೈರ್ ಗಾಳಿ 1.8 ಬಾರ್‌ಗೆ ಇಳಿಸ್ಕೋತೀನಿ, ಎರಡು ಸ್ಟೆಪ್ನಿ ಇರತ್ತೆ. ಕರಾವಳೀಲಿ ಉಪ್ಪು ರಸ್ತೆ ಅಂತ ಇದೆ, ಜಿಪ್ಸಂ ಮಣ್ಣಿಗೆ ಉಪ್ಪುನೀರು ಹಾಕಿ ಗಟ್ಟಿ ಮಾಡಿರೋದು, ಒಣಗಿದಾಗ ಟಾರ್ ರೋಡ್ ಥರಾನೇ ಇರತ್ತೆ. ಆದ್ರೆ ಸಮುದ್ರದೊಳಗೆ ಹರಿಯೋ ಬೆಂಗ್ವೆಲಾ ಅನ್ನೋ ತಣ್ಣನೆ ನೀರಿನ ಪ್ರವಾಹದಿಂದ ಬೆಳಗಾಗೆದ್ರೆ ಮಂಜು, ಮಂಜಿಗೆ ನೆನೆದ್ರೆ ಆ ರಸ್ತೆ ಸೋಪು ಹಚ್ಚಿದಂಗೆ ಜಾರತ್ತೆ.

ಈ ಮಂಜೇ ಹಡಗುಗಳನ್ನೂ ತಿಂದಿರೋದು. ಹೆಂಟೀಸ್ ಬೇ ಹತ್ರ ಜೈಲಾ ಅನ್ನೋ ಮೀನು ಹಡಗು 2008ರಿಂದ ದಡಕ್ಕೆ ಸಿಕ್ಕೊಂಡಿದೆ, ಅದನ್ನ ಮಾತ್ರ ಗುಜರಿಗೆ ಅಂತ ಭಾರತದ ಕಂಪನಿಗೆ ಮಾರಿದ್ರು, ಎಳ್ಕೊಂಡು ಹೋಗೋವಾಗ ಕಟ್ಟಿದ್ದ ಹಗ್ಗ ಬಿಟ್ಕೊಂಡು ಇಲ್ಲೇ ಉಳೀತು. ನಮ್ಮೂರ ಕಡೆ ಬರ್ಬೇಕಿದ್ದ ಹಡಗು ಅಂತ ನೋಡ್ದಾಗೆಲ್ಲ ಹೊಟ್ಟೆಯೊಳಗೆ ಏನೋ ಆಗತ್ತೆ. ಇನ್ನೂ ಉತ್ತರಕ್ಕೆ 1942ರಲ್ಲಿ ಡನೀಡಿನ್ ಸ್ಟಾರ್ ಹಡಗು ಒಡೆದು 63 ಜನ ದಡದಲ್ಲಿ ಸಿಕ್ಕೊಂಡಾಗ, ಉಳಿಸೋಕೆ ಬಂದ ಟಗ್ (ಬೇರೆ ಹಡಗು ಎಳೆಯೋ ಹಡಗು) ಕೂಡ ಒಡೀತು, ಇಳಿದ ವಿಮಾನ ಮರಳಲ್ಲಿ ಹೂತೋಯ್ತು, ಲಾರಿಗಳೂ ಹೂತ್ಕೊಂಡು ಹೂತ್ಕೊಂಡೇ ಹೋದ್ವು. ಅವ್ಯಾವೂ ನನ್ನ ಗಾಡಿಯಷ್ಟು ಹಳೇ ಮಷೀನುಗಳಲ್ಲ.

ಇನ್ನೊಂದು ಮಾತು, ದಯವಿಟ್ಟು ರಸ್ತೆ ಬಿಟ್ಟು ಬಯಲಿಗೆ ಗಾಡಿ ಇಳಿಸ್ಬೇಡಿ. ಅಲ್ಲಿ ಕಲ್ಲಿನ ಮೇಲೆ ಮಂಜಿನ ನೀರಲ್ಲೇ ಬದುಕೋ ಕಲ್ಲುಹೂವು ಇದೆ, ಒಂದ್ಸಲ ಚಕ್ರ ಹರಿದ್ರೆ ಆ ಗುರುತು ಹತ್ತಾರು ವರ್ಷ ಹೋಗಲ್ಲ. ನೋಡಿದ್ರೆ ಸಂಕಟ ಆಗತ್ತೆ.

ಹಳೇ ಗಾಡಿಗೆ ನಿಜವಾದ ಶತ್ರು ಉಪ್ಪು. ವಾಪಸ್ ಬಂದ ದಿನ ಎಷ್ಟೇ ಸುಸ್ತಾಗಿರ್ಲಿ, ಅಡಿಯಲ್ಲಿ ಮಲ್ಕೊಂಡು ಚಾಸಿ ತೂತುಗಳಿಗೆ, ಕಮಾನ್ ಪಟ್ಟಿ ಸಂದಿಗೆ ಸಿಹಿನೀರು ಬಿಡ್ತೀನಿ. ಮೊದಲು ಕೆಂಪಗೆ ಕೆಸರು ನೀರು ಸುರಿಯತ್ತೆ, ಆಮೇಲೆ ತಿಳಿಯಾಗತ್ತೆ, ಅಲ್ಲೀವರೆಗೂ ಪೈಪ್ ಕೆಳಗಿಡಲ್ಲ.