ಸ್ಟೆಪ್ನಿ ಓಕೆ

ಎಟಿಎಂಗಳಿಗೆ ದುಡ್ಡು ತುಂಬುವ ನಮ್ಮ ಕ್ಯಾಶ್ ವ್ಯಾನಿನ ಸ್ಟೆಪ್ನಿ ಚಾಸಿ ಕೆಳಗೆ ನೇತಾಡುತ್ತದೆ. ನೋಡಬೇಕೆಂದರೆ ನೆಲಕ್ಕೆ ಮಂಡಿಯೂರಿ ಬಗ್ಗಬೇಕು. ಬೆಳಿಗ್ಗೆ ಕ್ಯಾಶ್ ಎಣಿಸಿ, ಸೀಲ್ ನಂಬರ್ ಬರೆದು, ರೂಟ್ ಶೀಟ್‌ಗೆ ಸಹಿ ಹಾಕುವ ಗಡಿಬಿಡಿಯಲ್ಲಿ ಇಸ್ತ್ರಿ ಪ್ಯಾಂಟ್ ಹಾಕಿಕೊಂಡು ಯಾರು ಬಗ್ಗುತ್ತಾರೆ? ನಾನಂತೂ ಎರಡು ವರ್ಷ ಸುಮ್ನೆ ಟಿಕ್ ಹಾಕಿದ್ದೆ. ‘ಸ್ಟೆಪ್ನಿ: ಓಕೆ.’

ಹೋದ ಸೆಪ್ಟೆಂಬರ್. ಗಂಗಾವತಿ ಮುಗಿಸಿ ಕಾರಟಗಿ ಕಡೆ ಹೊರಟಿದ್ದೆವು. ಎರಡು ಎಟಿಎಂ ಬಾಕಿ ಇದ್ದವು. ಹಳ್ಳಿ ಕಡೆ ಸಂಜೆ 6ರ ಮೇಲೆ ಲೋಡ್ ಮಾಡುವ ಹಾಗಿಲ್ಲ, ಸರ್ಕಾರದ ನಿಯಮ. 4.40ಕ್ಕೆ ಮುಂದಿನ ಎಡಗಾಲಿ ಢಬ್ ಎಂದಿತು.

ಡ್ರೈವರ್ ಕೆಳಗಿಳಿದು ನೋಡಿದ. "ಮುಂದ ರೈಸ್ ಮಿಲ್ ಗೇಟ್ ಕಾಣ್ತೈತಲ್ರಿ, ಅಲ್ಲಿ ಕಾಂಕ್ರೀಟ್ ಐತಿ. ನಿಧಾನಕ ಅಲ್ಲೀತನಕ ಹೋಗೋಣ" ಎಂದ. ನಾನು ಬೇಡ ಎಂದೆ. ಗಾಳಿ ಇಲ್ಲದೆ ಓಡಿಸಿದರೆ ಟೈರ್ ಹರಿಯುತ್ತದೆ, ಆಫೀಸಿನವರು ಅದರ ದುಡ್ಡನ್ನು ನಮ್ಮ ಸಂಬಳದಲ್ಲೇ ಹಿಡಿಯುತ್ತಾರೆ. ಅಲ್ಲದೆ ಮಿಲ್ ಮುಂದೆ ಹಮಾಲರು, ಲಾರಿಯವರು, ಚಹಾ ಕುಡಿಯುವವರು. ದುಡ್ಡಿನ ಗಾಡಿಯನ್ನು ಜನರ ನಡುವೆ ನಿಲ್ಲಿಸುವುದು ಸರಿಯೇ? ಆ ಹೊತ್ತಿಗೆ ನಾನೇ ಜಾಣ ಎನಿಸಿತ್ತು.

ಹಾಗಾಗಿ ರಸ್ತೆ ಪಕ್ಕದ ಎರೆ ಮಣ್ಣಿನಲ್ಲೇ ನಿಂತೆವು. ಆಚೆ ಭತ್ತದ ಗದ್ದೆ, ಈಚೆ ನಾವು. ಗದ್ದೆ ನೀರು ಬಸಿದು ಬಂದು ಮಣ್ಣು ಮೇಲೆ ಒಣಗಿತ್ತು, ಒಳಗೆ ಬೆಣ್ಣೆ.

ಡ್ರೈವರ್ ಹ್ಯಾಂಡ್‌ಬ್ರೇಕ್ ಎಳೆದ, ಗೇರಿಗೆ ಹಾಕಿದ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟ. ನಟ್‌ಗಳನ್ನು ಮೊದಲೇ ಸಡಿಲ ಮಾಡಿದ. ಹ್ಯಾಂಡ್‌ಬ್ರೇಕ್ ಹಿಡಿಯುವುದು ಹಿಂದಿನ ಗಾಲಿಗಳನ್ನು. ಮುಂದಿನದನ್ನು ಎತ್ತಿದ ಮೇಲೆ ನಟ್ ತಿರುವಿದರೆ ಗಾಲಿಯೇ ತಿರುಗುತ್ತದೆ. ಸ್ಪ್ಯಾನರ್ ಮೇಲೆ ನಿಂತು ಕುಣಿದ ಮೇಲೆಯೇ ಅವು ಬಿಟ್ಟವು. ಟೈರ್ ಅಂಗಡಿಯವರು ನಟ್ ತಿರುವುವ ಮಷಿನ್ನಿನಲ್ಲಿ ಅಷ್ಟು ಬಿಗಿದಿದ್ದರು.

ಆಮೇಲೆ ಸ್ಟೆಪ್ನಿ ಇಳಿಸಿ ಎಳೆದು ತಂದ. ತಂದವನು ಪಕ್ಕಕ್ಕಿಡದೆ, ಜಾಕ್ ಹತ್ತಿರ ಚಾಸಿ ಕೆಳಗೆ ಅಡ್ಡ ಮಲಗಿಸಿದ. ನನಗೆ ರೇಗಿತು. "ಈಗಲೇ ಬೇಕಲ್ಲ ಅದು, ಯಾಕಯ್ಯ ಒಳಗೆ ತುರುಕುತ್ತೀ?" ಎಂದೆ. ಅವನು ಮಾತಾಡಲಿಲ್ಲ.

ನನ್ನ ಹಾಗೆಯೇ ಕ್ಯಾಶ್‌ಗೆ ಹೊಣೆಯಾದ ಇನ್ನೊಬ್ಬ ಕಸ್ಟೋಡಿಯನ್ ಕ್ಯಾಶ್ ಜೊತೆ ಒಳಗೇ ಕೂತಿದ್ದ. ಎತ್ತುವಾಗ ಗಾಡಿಯಲ್ಲಿ ಯಾರೂ ಇರಬಾರದು ಎಂದು ಡ್ರೈವರ್ ಹೇಳಿದ. ಕ್ಯಾಶ್ ಬಿಟ್ಟು ಇಳಿಯುವ ಹಾಗಿಲ್ಲ ಎಂದು ನಾನು ಹೇಳಿದೆ. ನಿಯಮ ನನ್ನ ಕಡೆಗಿತ್ತು.

ಡ್ರೈವರ್ ಜಾಕ್ ಏರಿಸಿ, ಗಾಲಿ ಬಿಚ್ಚಿ ಪಕ್ಕಕ್ಕಿಟ್ಟ. ಒಳಗಿದ್ದವನು ಸೀಟ್ ಬದಲಿಸಿದನೋ ಏನೋ. ಬಾಟಲ್ ಜಾಕ್ ಸದ್ದಿಲ್ಲದೆ ವಾಲಿತು. ಅದರ ಬುಡ ಎರೆಯೊಳಗೆ ಇಳಿಯುವುದು ನನಗೆ ಕಾಣುತ್ತಿತ್ತು, ಬಾಯಿಂದ ಮಾತು ಬರಲಿಲ್ಲ. ಗಾಡಿ ಧೊಪ್ಪನೆ ಕೂತಿತು. ಕೂತಿದ್ದು ಸ್ಟೆಪ್ನಿ ಮೇಲೆ. ಅದಿಲ್ಲದಿದ್ದರೆ ಬ್ರೇಕ್ ಡಿಸ್ಕ್ ಮಣ್ಣಿಗೆ ಹೋಗುತ್ತಿತ್ತು. ಡ್ರೈವರಿನ ಬಲಗೈ ಒಂದು ಗೇಣು ಆಚೆ ಇತ್ತು. ಅವನು ಕೈಯನ್ನು ನೋಡಿಕೊಂಡ, ನನ್ನನ್ನು ನೋಡಿದ, ಮತ್ತೆ ಕೈ ನೋಡಿಕೊಂಡ. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟರಲ್ಲಿ ಒಂದು ಟ್ರ್ಯಾಕ್ಟರ್ ನಿಂತಿತು. ನಾಲ್ಕು ಜನ ಇಳಿದು ನಮ್ಮ ಕಡೆ ನಡೆದರು. ಗನ್‌ಮ್ಯಾನ್‌ಗಳು ಬಂದೂಕು ಅಡ್ಡ ಹಿಡಿದರು. ನಾನೂ "ದೂರ, ದೂರ" ಎಂದು ಕಿರುಚಿದೆ. ಅವರಲ್ಲಿ ವಯಸ್ಸಾದವರು ಅಲ್ಲೇ ನಿಂತು, "ನಿಮ್ಮ ರೊಕ್ಕ ನಿಮಗ ಇರ್ಲಿ ಸಾಹೇಬ್ರ. ಎರಿ ಮಣ್ಣಾಗ ಬರೇ ಜಾಕ್ ನಿಂತಾತೇನ್ರಿ?" ಎಂದು ಟ್ರೇಲರಿನಿಂದ ಒಂದು ದಪ್ಪ ಹಲಗೆ ತೆಗೆದು ರಸ್ತೆ ಮೇಲೆ ಎಸೆದು ಹೊರಟೇಬಿಟ್ಟರು. ಥ್ಯಾಂಕ್ಸ್ ಹೇಳಲೂ ಆಗಲಿಲ್ಲ.

ಈ ಸಲ ನಾನೇ ಬಾಗಿಲು ಬಡಿದು ಒಳಗಿದ್ದವನನ್ನು ಇಳಿಸಿದೆ. ಬಾಗಿಲಿಗೆ ಬೀಗ, ಎರಡೂ ಬದಿಗೆ ಗನ್‌ಮ್ಯಾನ್. ಹಲಗೆ ಮೇಲೆ ಜಾಕ್ ಅಲುಗಲಿಲ್ಲ. ಸ್ಟೆಪ್ನಿ ಕೂರಿಸಿ, ನಟ್‌ಗಳನ್ನು ಎದುರುಬದುರು ಬಿಗಿದು, ಗಾಡಿ ಇಳಿಸಿದೆವು. ಟೈರ್ ರೊಟ್ಟಿಯ ಹಾಗೆ ಚಪ್ಪಟೆ ಆಯಿತು. ಗಾಳಿ ಅರ್ಧವೂ ಇರಲಿಲ್ಲ. ಯಾವ ಕಾಲದಿಂದ ಹಾಗಿತ್ತೋ.

ಆಮೆಯ ಹಾಗೆ ತೆವಳಿ ಪಂಕ್ಚರ್ ಅಂಗಡಿ ಮುಟ್ಟಿದಾಗ 6 ದಾಟಿತ್ತು. ಎರಡೂ ಲೋಡ್ ಮಿಸ್. ಕ್ಯಾಶ್ ವಾಪಸ್ ವಾಲ್ಟಿಗೆ.

ಮರುದಿನ ಮ್ಯಾನೇಜರ್ ಶೀಟ್ ಮುಂದಿಟ್ಟು ಕೇಳಿದ್ದು ಒಂದೇ ಪ್ರಶ್ನೆ. "ಸ್ಟೆಪ್ನಿ ಓಕೆ ಅಂತ ಟಿಕ್ ಹಾಕಿದವರು ಯಾರು?" ಡ್ರೈವರಿನ ಕೈ ಬಗ್ಗೆ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ಬೇರೆ ಮಾತು.

ಈಗ ಶೀಟ್‌ನಲ್ಲಿ ಹೊಸ ಕಾಲಂ ಇದೆ: ‘ಸ್ಟೆಪ್ನಿ ಗಾಳಿ, ಪಿಎಸ್‌ಐ’. ಪಿಎಸ್‌ಐ ಅಂದರೆ ಗಾಳಿಯ ಒತ್ತಡದ ಅಳತೆ. ಗೇಜ್ ಮಾತ್ರ ಕೊಟ್ಟಿಲ್ಲ. ಡ್ರೈವರ್ ತನ್ನ ದುಡ್ಡಿನಲ್ಲೇ ಒಂದು ಕೊಂಡ. ನಾನು ಬಗ್ಗಿ ನೋಡುತ್ತೇನೆ, ಅವನು ನಿಂತು ಬರೆದುಕೊಳ್ಳುತ್ತಾನೆ. ಹಲಗೆ ಸೀಟಿನ ಕೆಳಗಿದೆ. ಮೊನ್ನೆ ಆಡಿಟ್‌ಗೆ ಬಂದವರು ಅದನ್ನು ಅನಧಿಕೃತ ವಸ್ತು ಎಂದು ಬರೆದುಕೊಂಡು ಹೋದರು.