46, ಎ3

ದಾವಣಗೆರೆಯ ಒಂದು ಡೆಂಟಲ್ ಲ್ಯಾಬ್‌ನಲ್ಲಿ ಹಲ್ಲಿನ ಕ್ಯಾಪ್ ಮಾಡುವುದು ನನ್ನ ಕೆಲಸ. ಎರಡು ಡೆಂಟಲ್ ಕಾಲೇಜು ಇರುವ ಊರು, ಕೆಲಸಕ್ಕೇನೂ ಬರವಿಲ್ಲ. ಆದರೆ ರೋಗಿಯ ಮುಖ ಮಾತ್ರ ನಾವು ನೋಡುವುದಿಲ್ಲ. ಬಾಯಿಯ ಅಚ್ಚು ಬರುತ್ತದೆ, ಜೊತೆಗೊಂದು ಚೀಟಿ. ಆ ಸಲದ ಚೀಟಿಯಲ್ಲಿ ಒಬ್ಬ ಹೆಂಗಸಿನ ಹೆಸರು, ಕೆಳಗೆ ಇಷ್ಟೇ: 46, ಎ3.

46 ಅಂದರೆ ನಲವತ್ತಾರನೇ ಹಲ್ಲಲ್ಲ. ದೊಡ್ಡವರ ಬಾಯಲ್ಲಿ, ಬುದ್ಧಿಹಲ್ಲು ಸೇರಿಸಿದರೂ, ಇರುವುದು 32. ಬಾಯನ್ನು ನಾಲ್ಕು ಭಾಗ ಮಾಡಿದರೆ ಬಲಗಡೆ ಕೆಳಗಿನದು ನಾಲ್ಕನೇ ಭಾಗ. ಅಲ್ಲಿ ನಡುವಿನಿಂದ ಎಣಿಸಿಕೊಂಡು ಹೋಗಿ. ಬಾಚಿಹಲ್ಲು ಎರಡು, ಕೋರೆಹಲ್ಲು ಒಂದು, ಮುಂದವಡೆ ಎರಡು, ಆಮೇಲೆ ಸಿಗುವ ಆರನೆಯದೇ ಮೊದಲ ಹಿಂದವಡೆ ಹಲ್ಲು. ಪಾಪದ ಹಲ್ಲು ಇದು. ಸುಮಾರು ಆರನೇ ವರ್ಷಕ್ಕೆ, ಯಾವ ಹಾಲುಹಲ್ಲನ್ನೂ ಬೀಳಿಸದೆ, ಹಿಂದೆ ಸುಮ್ನೆ ಬಂದು ಕೂರುತ್ತದೆ. ಮನೆಯವರು ಇದೂ ಹಾಲುಹಲ್ಲೇ, ಹೇಗೂ ಬಿದ್ದು ಹೋಗುತ್ತದೆ ಅಂದುಕೊಳ್ಳುತ್ತಾರೆ. ನನ್ನ ಮೇಜಿಗೆ ಬರುವ ಕೆಲಸದಲ್ಲಿ ಇದರದ್ದೇ ಜಾಸ್ತಿ.

ಹೊಸದಾಗಿ ಸೇರಿದಾಗ ಲ್ಯಾಬಿನ ಅಣ್ಣ ನನ್ನ ಕೈಗೆ ಮೇಣದ ತುಂಡು ಕೊಟ್ಟು ಹಲ್ಲು ಕೆತ್ತಿಸುತ್ತಿದ್ದರು. ಬಾಚಿಹಲ್ಲು ಬೇಗ ಬಂತು. ಕತ್ತರಿಸುವ ಹಲ್ಲು, ಉಳಿಯ ಬಾಯಿಯ ಹಾಗೆ ತೆಳ್ಳಗೆ. ಕೋರೆಹಲ್ಲಿಗೆ ಒಂದೇ ಮೊನೆ, ಬೇರು ಮಾತ್ರ ಎಲ್ಲಕ್ಕಿಂತ ಉದ್ದ. ಹಿಂದವಡೆಗೆ ಬಂದಾಗ ಬೆವರು ಇಳಿಯಿತು. ಕೆಳಗಿನ ಮೊದಲ ಹಿಂದವಡೆಗೆ ಸಾಮಾನ್ಯವಾಗಿ ಐದು ಗುಬ್ಬ: ಕೆನ್ನೆಯ ಕಡೆ ಮೂರು, ನಾಲಿಗೆಯ ಕಡೆ ಎರಡು. ಮೇಲಿನ ಹಲ್ಲಿನ ಒಳಗಡೆಯ ಗುಬ್ಬ ಇದರ ಗುಳಿಗೆ ಬಂದು ಕೂರಬೇಕು, ಒರಳಿಗೆ ಒನಕೆ ಬಿದ್ದ ಹಾಗೆ. (ಒನಕೆ ಅಂದರೆ ನಮ್ಮ ಕಡೆ ಮೊದಲು ನೆನಪಾಗುವುದು ಓಬವ್ವ. ಇಲ್ಲಿಯದು ಬರೀ ಅರೆಯುವ ಕೆಲಸ.)

ಆ 46ರ ಗುಬ್ಬ, ಗುಳಿಗಳನ್ನು ಎಷ್ಟು ಪ್ರೀತಿಯಿಂದ ಮಾಡಿದ್ದೆ ಅಂದರೆ ಫೋಟೋ ತೆಗೆದಿಟ್ಟುಕೊಂಡೆ. ಬಣ್ಣವೂ ಸರಿಯಾಗಿ ಬಂದಿತ್ತು. ಎ3 ಅಂದರೆ ಸ್ವಲ್ಪ ಹಳದಿ. ಅಪ್ಪಟ ಬಿಳಿ ಹಲ್ಲು ಯಾರಿಗೂ ಇರುವುದಿಲ್ಲ. ಮೇಲಿನ ಎನಾಮಲ್ ಅರೆಪಾರದರ್ಶಕ, ಒಳಗಿನ ಡೆಂಟಿನ್ನಿನ ಹಳದಿ ಅದರಿಂದ ಇಣುಕುತ್ತದೆ. ವಸಡಿನ ಹತ್ತಿರ ಎನಾಮಲ್ ತೆಳು, ಅಲ್ಲಿ ಹಳದಿ ಇನ್ನೂ ಜಾಸ್ತಿ. ಅದನ್ನೂ ತಂದಿದ್ದೆ.

ಹದಿನೈದು ದಿನಕ್ಕೆ ಡಾಕ್ಟರ ಫೋನ್ ಬಂತು. "ಕ್ಯಾಪ್ ಚಂದ ಇದೆ ಕಣಪ್ಪ. ಆದ್ರೆ ಆ ಅಮ್ಮ ಊಟ ಆದ ತಕ್ಷಣ ಕಡ್ಡಿ ಹುಡುಕ್ತಾರಂತೆ."

ಬೆಣ್ಣೆದೋಸೆ ತಿಂದರೆ ಏನೂ ಇಲ್ಲ, ಮಂಡಕ್ಕಿ ತಿಂದರೆ ಸಿಕ್ಕಿಕೊಳ್ಳುತ್ತದೆ. ಸೊಪ್ಪಿನ ನಾರೂ ಅಷ್ಟೇ. ಡಾಕ್ಟರು ದಾರ ಹಾಕಿ ನೋಡಿದರೆ 46ಕ್ಕೂ ಹಿಂದಿನ 47ಕ್ಕೂ ನಡುವೆ ತಡೆಯೇ ಇಲ್ಲದೆ ಇಳಿದಿದೆ. ನಾನು ಮೊದಲು ಅಚ್ಚನ್ನು ಬೈದೆ, ಆಮೇಲೆ ಆ ಅಮ್ಮನ ಮಂಡಕ್ಕಿಯನ್ನು. ಅಣ್ಣ ಏನೂ ಹೇಳದೆ, ಆ ಅಚ್ಚಿಗೆ ಗಟ್ಟಿ ಜಿಪ್ಸಮ್ ಸುರಿದು ಮಾಡಿದ ನನ್ನ ಮಾಡೆಲ್ ತೆಗೆದು ಬೆಳಕಿಗೆ ಹಿಡಿದರು.

ಕ್ಯಾಪ್ ಮಾಡಲು ಈ ಮಾಡೆಲಿನಲ್ಲಿ ಆ ಒಂದು ಹಲ್ಲನ್ನು ಗರಗಸದಿಂದ ಕತ್ತರಿಸಿ, ತೆಗೆದು ಹಾಕುವ ಹಾಗೆ ಮಾಡುತ್ತೇವೆ. ಅದರ ಬುಡಕ್ಕೆ ಒಂದಿಷ್ಟು ಪುಡಿ ಸೇರಿತ್ತು. ಹಲ್ಲು ಕೂದಲೆಳೆಯಷ್ಟು ವಾಲಿತ್ತು. ವಾಲಿದ ಹಲ್ಲಿನ ಮೇಲೆ ಕ್ಯಾಪ್ ಪಕ್ಕದ್ದಕ್ಕೆ ತಾಗಿತು, ಬಾಯಲ್ಲಿ ತಾಗಲಿಲ್ಲ. ಕತ್ತರಿಸದ ಇನ್ನೊಂದು ಮಾಡೆಲ್ ಇರುವುದೇ ಇದನ್ನು ನೋಡಲಿಕ್ಕೆ. ಅದು ಕಪಾಟಿನಲ್ಲೇ ಇತ್ತು. ನಾನು ತೆಗೆದಿರಲಿಲ್ಲ. ಜಗಿಯುವ ಜಾಗ ಕಣ್ಣಿಗೆ ಕಾಣುತ್ತದೆ, ಪಕ್ಕ ಕಾಣುವುದಿಲ್ಲ ಅಲ್ವಾ?

ನನಗೆ ಹೊಟ್ಟೆ ಚುರುಕ್ ಅಂದಿದ್ದು 47ರ ವಿಷಯಕ್ಕೆ. 46ಕ್ಕೆ ರೂಟ್ ಕೆನಾಲ್ ಆಗಿತ್ತು, ಒಳಗೆ ನರ ಇಲ್ಲ. 47 ಚೆನ್ನಾಗಿರುವ ಹಲ್ಲು. ಅದರ ಕುತ್ತಿಗೆಯ ಹತ್ತಿರ ಎನಾಮಲ್ ತೆಳುವಾಗುತ್ತಾ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಬೇರಿನ ಮೇಲೆ ಇರುವುದು ಸಿಮೆಂಟಮ್ ಅನ್ನುವ, ಎನಾಮಲ್‌ಗಿಂತ ಮೆತ್ತನೆಯ ಪದರ. ಸಂದಿಯಲ್ಲಿ ದಿನಾ ಊಟ ಕೂತರೆ ವಸಡು ಊದುತ್ತದೆ, ಹುಳುಕು ಅಲ್ಲೇ ಶುರುವಾಗುತ್ತದೆ. ಡೆಂಟಿನ್ನಿನ ಸಣ್ಣ ಸಣ್ಣ ಕೊಳವೆಗಳ ಮೂಲಕ ನಡುವಿನ ನರಕ್ಕೂ ಮುಟ್ಟುತ್ತದೆ. ಎನಾಮಲ್ ನಮ್ಮ ಮೈಯಲ್ಲೇ ಅತಿ ಗಟ್ಟಿ ವಸ್ತು, ಆದರೆ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ವಸಡು ಸೀಳಿ ಬರುವ ಹೊತ್ತಿಗೇ ಮುಗಿದಿರುತ್ತವೆ. ಒಂದು ಹಲ್ಲು ಉಳಿಸಲು ಮಾಡಿದ ಕ್ಯಾಪ್ ಪಕ್ಕದ್ದನ್ನು ತಿನ್ನುತ್ತಿತ್ತು.

ಹೊಸ ಅಚ್ಚು ತರಿಸಿ ಮತ್ತೆ ಮಾಡಿದೆ. ದುಡ್ಡು ತೆಗೆದುಕೊಳ್ಳಲಿಲ್ಲ. ಈ ಸಲ ಕತ್ತರಿಸದ ಮಾಡೆಲಿನ ಮೇಲೂ ಕೂರಿಸಿ, ಎರಡು ಕಡೆಯೂ ತೆಳು ಹಾಳೆ ಸಿಕ್ಕಿಸಿ ಎಳೆದೆ. ಹಿಡಿದು ಹಿಡಿದು ಬಂತು. ಗುಬ್ಬಗಳು ಮೊದಲಿನಷ್ಟು ಚಂದ ಬರಲಿಲ್ಲ ಅಂತ ಈಗಲೂ ಅನ್ನಿಸುತ್ತದೆ.

ಒಂದು ತಿಂಗಳ ಮೇಲೆ ಅದೇ ಡಾಕ್ಟರಿಂದ ಚೀಟಿ ಬಂತು, ಅದೇ ಅಮ್ಮನ ಹೆಸರು. 36, ಎ3. ಈ ಸಲ ಎಡಗಡೆಯದು.