ಮುದ್ರೆಯಿಲ್ಲದ ಚೂರಿ

ಅಜ್ಜನ ಎಲೆ-ಅಡಿಕೆ ಹರಿವಾಣದಲ್ಲಿದ್ದ ಮಡಚುವ ಚೂರಿಯನ್ನು ನೋಡಿ ಬದಿಯಡ್ಕದ ಮಾವ, "ಶೆಫೀಲ್ಡಿನದ್ದು, ಸಂಶಯವೇ ಬೇಡ" ಎಂದರು. ಶೆಫೀಲ್ಡ್ ಎಂದರೆ ಚೂರಿ-ಕತ್ತರಿಗಳಿಗೆ ಹೆಸರಾದ ಇಂಗ್ಲೆಂಡಿನ ಊರು. ಮಾವನಿಗೆ ಹಳೆಯದೆಲ್ಲ ಶೆಫೀಲ್ಡಿನದ್ದೇ!

ತಯಾರಕರ ಮುದ್ರೆ ಸಾಮಾನ್ಯವಾಗಿ ಅಲಗಿನ ಬುಡದಲ್ಲಿ, ಮಡಚುವ ಕೀಲಿನ ಪಕ್ಕದಲ್ಲಿ ಇರುತ್ತದೆ. ಎಣ್ಣೆ ಹಚ್ಚಿ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿದೆ. ಶೆಫೀಲ್ಡಿನ ಜೋಸೆಫ್ ರಾಜರ್ಸ್ ಕಂಪನಿಯ ನಕ್ಷತ್ರ-ಶಿಲುಬೆ ಮುದ್ರೆ ಇಲ್ಲ. ತುಕ್ಕು ತಿಂದ ಗುಳಿಗಳಷ್ಟೇ. ಹಿಡಿಯಲ್ಲಿ ಸೂಜಿಮೊನೆಯಂಥ ರಂಧ್ರಗಳಿವೆ, ಹಾಗಾಗಿ ಮೂಳೆ; ಕೊಂಬಲ್ಲ. ಒಳತಗಡು ಹಿತ್ತಾಳೆ. ಜರ್ಮನಿಯ ಜೋಲಿಂಗನ್‌ನವರೂ ಹೀಗೆಯೇ ಮಾಡುತ್ತಿದ್ದರು. ಅಲ್ಲಿನ ಅಗ್ಗದ ಅಲಗುಗಳ ಮೇಲೆ ಶೆಫೀಲ್ಡಿನ ಹೆಸರು ಒತ್ತುವ ಚಾಳಿಯೂ ಇತ್ತು. 1887ರ ಬ್ರಿಟಿಷ್ ಕಾಯ್ದೆ ಬಂದದ್ದೇ ಇಂಥದ್ದನ್ನು ತಡೆಯಲು. ಅಂದರೆ ಮುದ್ರೆ ಸಿಕ್ಕಿದ್ದರೂ ಮಾವನನ್ನು ಪೂರ್ತಿ ನಂಬುವಂತಿರಲಿಲ್ಲ.

ಕುಂಬಳೆ, ಪೆರ್ಲದ ಕಡೆ ಯಾರ ಮನೆಯಲ್ಲಾದರೂ ಇದರ ಜೋಡಿ ಇದ್ದರೆ, ಅಲಗಿನ ಬುಡದ ಫೋಟೋ ಕಳುಹಿಸಿ.